ಅಂಗಡಿಯ ಲೆಕ್ಕ ಮನೆಯೊಳಗೆ ಬಂದ ಬಗೆ

ನಿಮ್ಮ ಮನೆಯ ವ್ಯಾಪಾರದ ಲೆಕ್ಕ ಯಾರ ಬಳಿ ಇದೆ? ಬಟ್ಟೆ ಅಂಗಡಿಯಿರಲಿ, ಮೀನಿನ ವ್ಯಾಪಾರವಿರಲಿ, ನೀವೇ ನಡೆಸುವ ಹೊಲಿಗೆ ಕೆಲಸವಿರಲಿ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದು ಹೆಚ್ಚಿನ ಮನೆಗಳಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಆ ಒಬ್ಬರು ಹಾಸಿಗೆ ಹಿಡಿದರೆ ಉಳಿದವರಿಗೆ ದಿಕ್ಕೇ ತೋಚದು. "ಕಂಪ್ಯೂಟರ್ ಲೆಕ್ಕ ನಮಗೆಲ್ಲಿ ಅರ್ಥವಾಗುತ್ತದೆ?" ಎಂದು ದೂರ ಸರಿಯುವ ಸಹೋದರಿಯರು ಅನೇಕ. ಅದರಲ್ಲಿ ಅವರ ತಪ್ಪಿಲ್ಲ. ಬಹುಕಾಲ ಆ ಸಾಫ್ಟ್‌ವೇರ್‌ಗಳೇ ಸಾಮಾನ್ಯರನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ನಮ್ಮ ಬೆಂಗಳೂರಿನ ಟ್ಯಾಲಿಯ ಹುಟ್ಟಿಗೂ ಇದೇ ಕಾರಣ. ವ್ಯಾಪಾರಿ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ಆಗಿನ ಲೆಕ್ಕದ ಸಾಫ್ಟ್‌ವೇರ್‌ಗಳು ಹಿಡಿಸಲಿಲ್ಲ. 1986ರಲ್ಲಿ ಮಗ ಭರತ್ ಗೋಯೆಂಕಾ ತಂದೆಗಾಗಿ ಹೊಸದನ್ನು ಬರೆದರು. ಆದರೆ ಅದು ಅಂಗಡಿಯ ಕಂಪ್ಯೂಟರಿನೊಳಗೇ ಕುಳಿತಿರುತ್ತಿತ್ತು. ಲೆಕ್ಕ ನೋಡಬೇಕಾದವರು ಅಂಗಡಿಗೇ ಹೋಗಬೇಕಿತ್ತು.

1999ರಲ್ಲಿ ಅಮೆರಿಕದಲ್ಲಿ ಆರಂಭವಾದ ಸೇಲ್ಸ್‌ಫೋರ್ಸ್ ಕಂಪೆನಿ ಬೇರೆ ದಾರಿ ಹಿಡಿಯಿತು. ಸಿಡಿ ಕೊಂಡು ತಂದು ಅಳವಡಿಸುವ ಗೋಜಿಲ್ಲ. ವೆಬ್‌ಸೈಟ್ ತೆರೆಯುವಂತೆಯೇ ಸಾಫ್ಟ್‌ವೇರನ್ನೂ ತೆರೆದು ಕೆಲಸ ಮಾಡಬಹುದು, ಬಾಡಿಗೆಯಂತೆ ಹಣ ಕಟ್ಟಿದರಾಯಿತು. ವಿಚಾರವೇನೋ ಒಳ್ಳೆಯದೇ. ಆದರೆ ಆ ಕಾಲದ ವೆಬ್ ಪುಟಗಳ ಸ್ವಭಾವ ವಿಚಿತ್ರವಾಗಿತ್ತು. ಒಂದು ಅಂಕಿ ತಿದ್ದಿದರೂ ಇಡೀ ಪುಟ ದೂರದ ಕಂಪ್ಯೂಟರಿಗೆ ಹೋಗಿ ಹೊಸದಾಗಿ ಬರಬೇಕು. ಅಷ್ಟು ಹೊತ್ತು ಪರದೆ ಬಿಳಿ ಬಿಳಿ. ನಡುವೆ ಫೋನ್ ಲೈನ್ ಕಡಿದರೆ ಬರೆದದ್ದೆಲ್ಲ ಮಾಯ. ಒಂದು ಗುಂಡಿ ಹಾಕಲು ಇಡೀ ಅಂಗಿಯನ್ನು ಬಿಚ್ಚಿ ಹೊಲಿದಂತೆ!

ಇದಕ್ಕೆ ಪರಿಹಾರ ಸಿಕ್ಕಿದ್ದು ಕಚೇರಿ ಕೆಲಸದ ಇನ್ನೊಂದು ಮೂಲೆಯಲ್ಲಿ. ಔಟ್‌ಲುಕ್ ಅಂಚೆಯನ್ನು ವೆಬ್‌ನಲ್ಲಿ ನೋಡುವ ವ್ಯವಸ್ಥೆಗಾಗಿ ಮೈಕ್ರೋಸಾಫ್ಟ್‌ನವರು ಒಂದು ಉಪಾಯ ಮಾಡಿದರು. 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಅದು ಹೊರಬಂತು. ಪುಟ ಇದ್ದಲ್ಲೇ ಇರುತ್ತದೆ, ಬೇಕಾದ ತುಣುಕನ್ನು ಮಾತ್ರ ಹಿಂದಿನಿಂದ ತರಿಸಿಕೊಳ್ಳುತ್ತದೆ. ಕೆಲವು ವರ್ಷ ಅದಕ್ಕೆ ಅಷ್ಟಾಗಿ ಬೆಲೆ ಸಿಗಲಿಲ್ಲ. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಬಂದಾಗ ಜನರಿಗೆ ವ್ಯತ್ಯಾಸ ತಿಳಿಯಿತು. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಈ ವಿಧಾನಕ್ಕೆ ಅಜಾಕ್ಸ್ ಎಂದು ಹೆಸರಿಟ್ಟರು.

ಅಲ್ಲಿಂದ ಬದಲಾವಣೆ ಬೇಗ ಬೇಗನೆ ಆಯಿತು. ಇಂದು ಜೋಹೋ ಎಂದು ಪ್ರಸಿದ್ಧವಾಗಿರುವ ಚೆನ್ನೈ ಮೂಲದ ಕಂಪೆನಿ 2005ರಲ್ಲಿ ಜೋಹೋ ರೈಟರ್ ಹೊರತಂದಿತು. 2006ರಲ್ಲಿ ಗೂಗಲ್ ಲೆಕ್ಕದ ಹಾಳೆಯನ್ನು ವೆಬ್‌ಗೆ ತಂದಿತು. ಒಂದೇ ಹಾಳೆಯಲ್ಲಿ ಇಬ್ಬರು ಏಕಕಾಲಕ್ಕೆ ಬರೆಯಬಹುದಾದದ್ದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅನುಕೂಲ. ದಮಾಮ್‌ನಲ್ಲಿರುವ ಪತಿ, ಬಂಟ್ವಾಳದಲ್ಲಿರುವ ಪತ್ನಿ ಇಬ್ಬರೂ ಒಂದೇ ಲೆಕ್ಕವನ್ನು ನೋಡಬಹುದು. ಈಗ ಯಾವ ಅಂಕಿಯನ್ನು ಯಾರು, ಯಾವಾಗ ಬದಲಾಯಿಸಿದರು ಎಂಬುದೂ ಅದರಲ್ಲೇ ದಾಖಲಾಗುತ್ತದೆ. ಪಾಲುದಾರಿಕೆಯ ವ್ಯಾಪಾರದಲ್ಲಿ ಅಣ್ಣತಮ್ಮಂದಿರ ಎಷ್ಟು ಜಗಳಗಳು ಇದರಿಂದ ತಪ್ಪಬಹುದೆಂದು ನೀವೇ ಊಹಿಸಿ.

ಬಳಿಕ ಮೊಬೈಲ್ ಬಂತು. ಅಂಗೈಯಗಲದ ಪರದೆಯಲ್ಲಿ ನಲುವತ್ತು ಗುಂಡಿಗಳಿಗೆ ಜಾಗವೆಲ್ಲಿ? ಬೇಡದ್ದನ್ನೆಲ್ಲ ತೆಗೆದುಹಾಕಲೇಬೇಕಾಯಿತು. ಪರದೆಯ ಅಳತೆಗೆ ಪುಟ ತಾನೇ ಹೊಂದಿಕೊಳ್ಳುವ ವಿಧಾನ 2010ರ ನಂತರ ರೂಢಿಗೆ ಬಂತು. ಗಿರಾಕಿಗಳ ಹೆಸರನ್ನು ಕನ್ನಡದಲ್ಲೇ ಬರೆಯುವುದಕ್ಕೂ ಈಗ ತೊಂದರೆಯಿಲ್ಲ.

ಎಲ್ಲ ಕಡೆಯೂ ಹೀಗೆ ಸುಸೂತ್ರವಾಗಲಿಲ್ಲ ಎನ್ನಿ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೊದಲ ತಿಂಗಳುಗಳಲ್ಲಿ ಪೋರ್ಟಲ್ ಕೈಕೊಟ್ಟು ಗಡುವುಗಳನ್ನು ಮತ್ತೆ ಮತ್ತೆ ಮುಂದೂಡಬೇಕಾಯಿತು.

ಸುಲಭವಾದದ್ದಕ್ಕೆ ಎಚ್ಚರವೂ ಬೇಕು. ಹಾಳೆಯನ್ನು ಇನ್ನೊಬ್ಬರಿಗೆ ಕಳುಹಿಸುವಾಗ 'ನೋಡಲು ಮಾತ್ರ' ಎಂದು ಕೊಡುತ್ತೀರಾ, 'ತಿದ್ದಲೂ' ಕೊಡುತ್ತೀರಾ ಎಂದು ಅದು ಕೇಳುತ್ತದೆ. ಓದದೆ ಒತ್ತಬೇಡಿ. ಲಿಂಕ್ ಸಿಕ್ಕಿದವರೆಲ್ಲರೂ ನೋಡುವಂತೆ ಬಿಟ್ಟರೆ ನಿಮ್ಮ ಸಾಲದ ಪಟ್ಟಿ ಊರಿಗೆಲ್ಲ ಗೊತ್ತಾದೀತು. ಖಾತೆಯನ್ನು ಅಂಗಡಿಯ ಹುಡುಗನ ಮೊಬೈಲ್ ನಂಬರಿನಲ್ಲಿ ತೆರೆಯಬೇಡಿ, ಅವನು ಕೆಲಸ ಬಿಟ್ಟ ದಿನ ಒಳಗೆ ಹೋಗಲು ನಿಮಗೇ ಕಷ್ಟವಾದೀತು. ಲೆಕ್ಕ ಇರುವುದು ಕಂಪೆನಿಯ ಕಂಪ್ಯೂಟರಿನಲ್ಲಿ. ಅದು ನಾಳೆ ದರ ಏರಿಸಬಹುದು, ಸೇವೆಯನ್ನೇ ನಿಲ್ಲಿಸಬಹುದು. ಆದ್ದರಿಂದ ತಿಂಗಳಿಗೊಮ್ಮೆ ಇಡೀ ಲೆಕ್ಕವನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿ, ಜಾಗದ ದಾಖಲೆಗಳನ್ನು ಇಡುವ ಕಪಾಟಿನಲ್ಲೇ ಅದನ್ನೂ ಇಡಿ. ಅದು ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೂ ಹೇಳಿಡಿ.