ಆಟೊಮ್ಯಾಟಿಕ್ ಘಡಿ ಎಲ್ಲಿ ಕೊಳ್ಳಬೇಕು? ಸೊಲ್ಲಾಪುರ-ಅಕ್ಕಲಕೋಟ ಪೇಟೆಯ ಒಂದು ಓದು

ಇಂದಿನ ಗೋಷ್ಠಿಯ ವಿಷಯ ‘ದಿನಬಳಕೆಯ ಪಠ್ಯಗಳು’. ವಚನವನ್ನೋ ಕಾದಂಬರಿಯನ್ನೋ ಓದುವ ನಾವು ಒಂದು ವಾರಂಟಿ ಕಾರ್ಡನ್ನು ಅಷ್ಟೇ ಗಮನ ಕೊಟ್ಟು ಓದ್ತೀವೇನು ಅನ್ನೋದು ನನ್ನ ಪ್ರಶ್ನೆ. ಅದಕ್ಕೆ ಆರಿಸಿಕೊಂಡ ಉದಾಹರಣೆ ಸಣ್ಣದು: ಸೊಲ್ಲಾಪುರ, ಅಕ್ಕಲಕೋಟದ ಕಡೆ ಇರುವವರು ಹೊಸ ಆಟೊಮ್ಯಾಟಿಕ್ ಕೈಗಡಿಯಾರವನ್ನು ಎಲ್ಲಿ ಕೊಳ್ಳಬೇಕು?

ಮೊದಲು ಶಬ್ದ ನೋಡೋಣ. ನಮ್ಮ ಭಾಗದಲ್ಲಿ ‘ಗಡಿಯಾರ’ ಅನ್ನೋರು ಕಡಿಮೆ. ಮನೆಯೊಳಗೆ ‘ಘಡಿ’, ಪೇಟೆಯಲ್ಲಿ ಮರಾಠಿಯ ‘ಘಡ್ಯಾಳ’. ಇವುಗಳ ಹಿಂದೆ ಇರೋದು ‘ಘಟಿ’, ಅಂದರೆ ತೂತಿರುವ ಬಟ್ಟಲು. ಅದನ್ನು ನೀರಿನ ಮೇಲೆ ಬಿಟ್ಟು, ತುಂಬಿ ಮುಳುಗಲು ಹಿಡಿಯುವ ಹೊತ್ತನ್ನು ಎಣಿಸುತ್ತಿದ್ದರು. ಆ ಹೊತ್ತು 24 ನಿಮಿಷ. ನಮ್ಮ ‘ಗಳಿಗೆ’ಯೂ ಅದೇ.

ಇನ್ನು ‘ಆಟೊಮ್ಯಾಟಿಕ್’. ಈ ಶಬ್ದ ಕೇಳಿದ ಕೂಡಲೇ ನಾವು ಏನೂ ಮಾಡಬೇಕಾಗಿಲ್ಲ ಅಂತ ಬಹಳ ಮಂದಿ ತಿಳಕೋತಾರೆ. ಅದರ ಅರ್ಥ ಅಷ್ಟು ದೊಡ್ಡದಲ್ಲ. ಒಳಗೆ ಒಂದು ಸುರುಳಿ ಸ್ಪ್ರಿಂಗ್ ಇರುತ್ತದೆ. ಕೈ ಆಡಿದಂತೆ ಅರ್ಧಚಂದ್ರಾಕಾರದ ಒಂದು ತೂಕದ ತುಂಡು ತಿರುಗಿ ಆ ಸ್ಪ್ರಿಂಗಿಗೆ ಚಾವಿ ತುಂಬುತ್ತದೆ. ಬ್ಯಾಟರಿ ಇಲ್ಲ. ಕೈಯಿಂದ ತೆಗೆದಿಟ್ಟರೆ ಸಾಮಾನ್ಯ ಮಾದರಿಗಳು ಸುಮಾರು 40 ಗಂಟೆ ನಡೆದು ನಿಂತುಬಿಡುತ್ತವೆ.

ಬ್ಯಾಟರಿ ಘಡಿಯೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ತಿಂಗಳಿಗೆ 15-20 ಸೆಕೆಂಡು ತಪ್ಪಿದರೆ ಹೆಚ್ಚು. ಆಟೊಮ್ಯಾಟಿಕ್‌ನಲ್ಲಿ ಒಂದು ಸಣ್ಣ ಚಕ್ರ, ಬಹಳಷ್ಟು ಮಾದರಿಗಳಲ್ಲಿ, ಗಂಟೆಗೆ 21,600 ಸಲ ಬಡಿಯುತ್ತದೆ. ಅಂದ್ರೆ ಸೆಕೆಂಡಿಗೆ 6. ಕಡಿಮೆ ಬೆಲೆಯ ಜಪಾನಿ ಯಂತ್ರಗಳಲ್ಲಿ ದಿನಕ್ಕೆ 20 ಸೆಕೆಂಡು ಹಿಂದೆ, 40 ಸೆಕೆಂಡು ಮುಂದೆ ಹೋಗೋದು ತಯಾರಕರೇ ಒಪ್ಪಿಕೊಂಡ ಮಿತಿ. ಗಿರಾಕಿ ಇದನ್ನು ದೋಷ ಅಂತಾನೆ, ಕಂಪನಿ ಗುಣಲಕ್ಷಣ ಅಂತದೆ. ಒಳಗಿನ ಎಣ್ಣೆಯೂ ವರ್ಷಗಳಲ್ಲಿ ಒಣಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಬೇಕು. ಹಾಗಾಗಿ ಈ ಘಡಿಯ ಮಟ್ಟಿಗೆ ‘ಎಲ್ಲಿ ಕೊಳ್ಳಬೇಕು’ ಅನ್ನುವ ಪ್ರಶ್ನೆಯೊಳಗೆ ‘ಐದು ವರ್ಷದ ಮೇಲೆ ಇದನ್ನು ಯಾರು ಬಿಚ್ಚುತ್ತಾರೆ’ ಅನ್ನುವ ಪ್ರಶ್ನೆ ಅಡಗಿದೆ ಎಂಬುದು ನನ್ನ ವಾದ.

ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭ ಇತ್ತು. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ತೊಡಗಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ‘ಜನತಾ’ ಕೈಯಿಂದ ಚಾವಿ ಕೊಡುವ ಘಡಿ. ‘ಕಾಂಚನ್’, ‘ರಜತ್’ ಆಟೊಮ್ಯಾಟಿಕ್. ಮನೆಮನೆಯಲ್ಲೂ ಅದೇ ಘಡಿ ಇದ್ದಾಗ ಸಣ್ಣ ಊರಿನ ರಿಪೇರಿಯವನಿಗೂ ಅದರ ಒಳಗು ಗೊತ್ತಿರುತ್ತಿತ್ತು. 1980ರ ದಶಕದ ಕೊನೆಗೆ ಹೊಸೂರಿನ ಟೈಟಾನ್ ಬ್ಯಾಟರಿ ಘಡಿಗಳನ್ನು ತಂದಿತು. ಮೆಲ್ಲಗೆ ರಿಪೇರಿ ಅಂದ್ರೆ ಸೆಲ್ ಬದಲಿಸೋದು, ಬೆಲ್ಟ್ ಹಾಕೋದು ಅನ್ನುವಂತಾಯ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈಗ ಆಟೊಮ್ಯಾಟಿಕ್ ಮತ್ತೆ ಬೇಡಿಕೆಗೆ ಬಂದಿದೆ, ಆದರೆ ಅದನ್ನು ಬಿಚ್ಚಬಲ್ಲ ಕೈಗಳು ಆ ಲೆಕ್ಕಕ್ಕೆ ಹೆಚ್ಚಿಲ್ಲ.

ಒಂದು ಪ್ರಸಂಗ ಹೇಳ್ತೀನಿ. ನನ್ನ ಓದಿಗೆ ಆಸರೆಯಾದವರು ಅಕ್ಕಲಕೋಟದ ನಮ್ಮ ಮಾಮಾ, ಎಸ್‌ಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಅವರು ನಿವೃತ್ತರಾದಾಗ ನಾವು ಮೂವರು ಮಕ್ಕಳು 14,000 ರೂಪಾಯಿ ಕೂಡಿಸಿದೆವು. ನಮ್ಮಂಥವರಿಗೆ ಅದು ಎರಡು ತಿಂಗಳ ರೂಮು, ಮೆಸ್ಸಿನ ಖರ್ಚು. ಫೋನಿನಲ್ಲಿ ಒಂದು ಮಾದರಿ ತೋರಿಸಿದೆವು. ಮಾಮಾ ನೋಡಿ, “ಚಂದ ಅದ, ಖರೆ. ಬಂದ್ ಬಿತ್ತಂದ್ರ ಯಾರ ಕೈಯಾಗ ಕೊಡ್ಲಿ?” ಅಂದ್ರು. ಅಲ್ಲಿಗೆ ನಮ್ಮ ಹುಡುಕಾಟದ ದಿಕ್ಕು ಬದಲಾಯ್ತು.

ನಮ್ಮ ಮುಂದೆ ಮೂರು ದಾರಿ ಇದ್ದವು. ಒಂದು, ಅಕ್ಕಲಕೋಟದ ಪರಿಚಯದ ಅಂಗಡಿ. ಅಲ್ಲಿ ಮಾತು ಕನ್ನಡದಲ್ಲಿ, ಭರವಸೆ ಬಾಯಿಮಾತಿನಲ್ಲಿ. “ನಾ ಇದ್ದೀನಲ್ರೀ” ಅನ್ನೋದೇ ವಾರಂಟಿ. ಆ ಮಾತಿಗೆ ಬೆಲೆ ಇದೆ, ಆದರೆ ಕಂಪನಿಯ ಬಿಡಿಭಾಗ ಆ ಮಾತಿಗೆ ಬರೋದಿಲ್ಲ. ಎರಡು, ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರದ ಅಧಿಕೃತ ಮಾರಾಟಗಾರರು. ನವೀ ಪೇಠದ ಕಡೆ ಹೋದರೆ ಬೆಲೆ ಕನ್ನಡದಲ್ಲಿ ಕೇಳಬಹುದು, ಚೌಕಾಶಿ ಮರಾಠಿಯಲ್ಲಿ ನಡೆಯುತ್ತದೆ, ಕಾರ್ಡು ಮಾತ್ರ ಇಂಗ್ಲಿಷಿನಲ್ಲಿ. ಮೂರು, ಆನ್‌ಲೈನ್. ಅಲ್ಲಿ ನಮ್ಮ ಮಾದರಿ 1,100 ರೂಪಾಯಿ ಅಗ್ಗ ಇತ್ತು, ಬಣ್ಣಗಳೂ ಹೆಚ್ಚು.

ಇಲ್ಲಿ ಓದುವ ಕೆಲಸ ಶುರುವಾಗುತ್ತದೆ. ವಾರಂಟಿ ಕಾರ್ಡಿನಲ್ಲಿ ನೋಡಬೇಕಾದ್ದು ನಾಲ್ಕು: ಕಂಪನಿ ಒಪ್ಪಿದ ಮಾರಾಟಗಾರನ ಮುದ್ರೆ, ಕೊಂಡ ತಾರೀಖು, ಘಡಿಯ ಹಿಂಬದಿಯ ಸಂಖ್ಯೆಗೆ ಹೊಂದುವ ಸಂಖ್ಯೆ, ಮತ್ತು ವಾರಂಟಿ ಕಂಪನಿಯದೋ ಮಾರುವವನದೋ ಎಂಬುದು. ಕೊನೆಯದೇ ಮುಖ್ಯ. ಹೊರದೇಶದಿಂದ ಬೇರೆ ದಾರಿಯಲ್ಲಿ ಬಂದ ಘಡಿ ಅಸಲಿಯೇ ಇರಬಹುದು, ಆದರೂ ಇಲ್ಲಿನ ಕಂಪನಿ ಅದರ ಹೊಣೆ ಹೊರದೇ ಇರಬಹುದು. ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇದೆಯೇ ನೋಡ್ರಿ. ಇನ್ನೊಂದು ಸಾಲು ‘30 ಮೀಟರ್’ ಅಂತ ಇರುತ್ತದೆ. ಇದನ್ನು ಓದಿ ಬಾವಿಯಲ್ಲಿ ಈಜಬಾರದು. ಕೈತೊಳೆಯುವಾಗ ಹನಿ ಸಿಡಿದರೆ ತಾಳುತ್ತದೆ, ಅಷ್ಟೇ.

ಆನ್‌ಲೈನ್ ಬೇಡವೇ ಬೇಡ ಅಂತ ನಾನು ಹೇಳ್ತಾ ಇಲ್ಲ. ಕಂಪನಿಯದೇ ಜಾಲತಾಣ ಅಥವಾ ಅದು ಹೆಸರಿಸಿದ ಮಾರಾಟಗಾರ ಆಗಿದ್ದು, ಸೇವಾ ಕೇಂದ್ರ ನಾವು ಹೋಗಿಬರುವಷ್ಟು ಹತ್ತಿರ ಇದ್ದರೆ ಅದೂ ಒಳ್ಳೆಯ ದಾರಿಯೇ. ‘ದೂರದಿಂದ ಕೊಂಡರೆ ದೂರು ಕೊಡೋಕೂ ದೂರ ಹೋಗಬೇಕು’ ಅನ್ನುವ ಭಯಕ್ಕೂ ಈಗ ಆಧಾರ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅಕ್ಕಲಕೋಟದವರಿಗೆ ಅದು ಸೊಲ್ಲಾಪುರದ ಆಯೋಗ. ಆದರೆ ಅಲ್ಲಿ ನಡೆಯೋದು ಬಿಲ್ಲು ಮತ್ತು ಕಾರ್ಡು. ಅದಕ್ಕೇ ಬಿಲ್ಲಿಲ್ಲದ ರಿಯಾಯಿತಿ ಎಷ್ಟೇ ಇದ್ದರೂ ಒಪ್ಪಬಾರದು.

ನಾವು ಸೊಲ್ಲಾಪುರದ ಅಂಗಡಿಯಲ್ಲೇ ಕೊಂಡೆವು. ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿದೆವು: ಕೆಟ್ಟರೆ ಘಡಿ ಯಾವ ಊರಿಗೆ ಹೋಗುತ್ತದೆ, ಕಳಿಸೋದು ಯಾರು? ಪುಣೆಗೆ, ನಾವೇ ಕಳಿಸ್ತೀವಿ ಅಂತ ಹೇಳಿ, ಕೇಳಿದ ಮೇಲೆ ಬಿಲ್ಲಿನ ಹಿಂದೆ ಬರೆದೂ ಕೊಟ್ಟರು. ಆ 1,100 ರೂಪಾಯಿ ನಾವು ಕೊಟ್ಟದ್ದು ಒಂದು ವಿಳಾಸಕ್ಕೆ.

ಚರ್ಚೆಯಲ್ಲಿ ಸಹಪಾಠಿಯೊಬ್ಬರು ಕೇಳಿದರು: ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ‘ಹೊಸ’ ಎಚ್‌ಎಂಟಿ ಕಾಂಚನ್ ಸಿಗುತ್ತದಲ್ಲ, ಅದು ಯಾಕಾಗಬಾರದು?

ನನ್ನ ಉತ್ತರ: ಅಲ್ಲಿ ‘ಹೊಸ’ ಅನ್ನುವ ವಿಶೇಷಣ ಯಾವುದಕ್ಕೆ ಸೇರಿದೆ ಅಂತ ಕೇಳ್ರಿ. ಹಳೆಯ ಯಂತ್ರಕ್ಕೆ ಡಯಲ್ ಮರುಬಣ್ಣ ಮಾಡಿ, ಬೇರೆ ಬೇರೆ ಘಡಿಗಳ ಭಾಗ ಕೂಡಿಸಿ ಮಾರೋದು ಸಾಮಾನ್ಯ. ಡಯಲಿನ ಅಕ್ಷರ ದಪ್ಪಗೆ, ವಕ್ರವಾಗಿ ಇದ್ದರೆ ಅನುಮಾನ ಪಡಬೇಕು. ಹಳೆಯದು ಅಂತ ತಿಳಿದೇ, ಬಿಚ್ಚಬಲ್ಲ ರಿಪೇರಿಯವರನ್ನು ಮೊದಲು ಹುಡುಕಿಕೊಂಡು ಕೊಂಡರೆ ತಪ್ಪೇನಿಲ್ಲ. ಊರಿನಲ್ಲಿ ಅಂಥವರೊಬ್ಬರು ಇನ್ನೂ ಕೂತಿದ್ದರೆ ಮೊದಲು ಅವರ ಹತ್ರ ಹೋಗಿ, ಯಾವ ಯಂತ್ರದ ಭಾಗ ಸಿಗುತ್ತದೆ ಅಂತ ಕೇಳ್ರಿ, ಆಮೇಲೆ ಘಡಿ ಆರಿಸ್ರಿ.