ಸರ್ವರ್ ಒಂದೇ, ಲೈಸೆನ್ಸ್ ಎಷ್ಟು?

ಮುಂಬಯಿಯ ವಿಕ್ರೋಳಿಯಲ್ಲಿ ಎಲ್‌ಬಿಎಸ್ ಮಾರ್ಗದ ಆಸುಪಾಸಿನಲ್ಲಿ ಸಣ್ಣ ವರ್ಕ್‌ಶಾಪು, ಆಡಿಟರ್ ಆಫೀಸು, ಸಾಗಾಣಿಕೆ ಕಂಪನಿ ನಡೆಸುವವರಿಗೆ ರಿಮೋಟ್ ಡೆಸ್ಕ್‌ಟಾಪ್ ದೊಡ್ಡ ಅನುಕೂಲ. ಲೆಕ್ಕಪತ್ರವೆಲ್ಲ ಆಫೀಸಿನ ಒಂದೇ ಸರ್ವರಿನಲ್ಲಿ ಇದ್ದರೆ ಸಾಕು, ಡೊಂಬಿವಿಲಿಯ ಮನೆಯಿಂದಲೂ ಭಿವಂಡಿಯ ಗೋದಾಮಿನಿಂದಲೂ ಅದನ್ನು ತೆರೆದು ಕೆಲಸ ಮುಗಿಸಬಹುದು. ಆದರೆ ಸರ್ವರ್ ಕೊಂಡ ಮಾತ್ರಕ್ಕೆ ಅದನ್ನು ಎಷ್ಟು ಜನ ಬೇಕಾದರೂ ಬಳಸುವ ಹಕ್ಕು ಬಂದುಬಿಡುವುದಿಲ್ಲ. ವಿಕ್ರೋಳಿಯ ಗೋದ್ರೇಜ್ ಕಂಪನಿ 1955ರಲ್ಲಿ ಹೊರತಂದ ಟೈಪ್‌ರೈಟರನ್ನು ಒಮ್ಮೆ ಕೊಂಡವರು ಹತ್ತು ಜನ ಗುಮಾಸ್ತರನ್ನು ಸರದಿಯಲ್ಲಿ ಕೂರಿಸಿದರೂ ಕೇಳುವವರಿರಲಿಲ್ಲ. ಸಾಫ್ಟ್‌ವೇರ್ ಹಾಗಲ್ಲ. ಅಲ್ಲಿ ಯಂತ್ರಕ್ಕೆ ಒಂದು ಬೆಲೆ, ಬಳಸುವ ಹಕ್ಕಿಗೆ ಬೇರೆ ಬೆಲೆ. ಆದ್ದರಿಂದ ಯಾರು, ಎಲ್ಲಿಂದ, ಯಾವ ಸಾಧನದಲ್ಲಿ ಕೆಲಸ ಮಾಡುತ್ತಾರೆ ಎಂಬ ಪಟ್ಟಿಯನ್ನು ಸರ್ವರ್ ಕೊಳ್ಳುವ ಮೊದಲೇ ಮಾಡಿಕೊಳ್ಳಬೇಕು.

ವಿಂಡೋಸ್ ಸರ್ವರಿನಲ್ಲಿ ಈ ಹಕ್ಕು ಮೂರು ಪದರಗಳಲ್ಲಿದೆ. ಮೊದಲನೆಯದು ಸರ್ವರಿನದೇ ಲೈಸೆನ್ಸ್. 2016ರ ಆವೃತ್ತಿಯಿಂದ ಇದನ್ನು ಪ್ರೊಸೆಸರಿನ ಕೋರ್‌ಗಳ ಮೇಲೆ ಎಣಿಸುತ್ತಾರೆ. ಯಂತ್ರ ಎಷ್ಟೇ ಚಿಕ್ಕದಾದರೂ ಕನಿಷ್ಠ 16 ಕೋರ್‌ಗಳಿಗೆ ತೆರಬೇಕು. ಎರಡನೆಯದು ಆ ಸರ್ವರನ್ನು ಬಳಸುವವರ ಲೈಸೆನ್ಸ್, ವ್ಯಾಪಾರಿಗಳ ಬಾಯಲ್ಲಿ ‘ಕ್ಯಾಲ್’. ಮೂರನೆಯದು ದೂರದಿಂದ ಪರದೆ ತೆರೆದು ಕೆಲಸ ಮಾಡುವುದಕ್ಕೆ, ಅಂದರೆ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್‌ಗೆ (ಆರ್‌ಡಿಎಸ್), ಬೇಕಾದ ‘ಆರ್‌ಡಿಎಸ್ ಕ್ಯಾಲ್’. ಎರಡನೆಯದನ್ನು ಕೊಂಡು ಮೂರನೆಯದನ್ನು ಬಿಟ್ಟುಬಿಡುವುದು ಸುಲಭ, ಏಕೆಂದರೆ ಸರ್ವರ್ ಇಬ್ಬರನ್ನು ಹೇಗೂ ಒಳಗೆ ಬಿಡುತ್ತದೆ. ಆ ಎರಡು ಸೆಷನ್ ಇರುವುದು ಸರ್ವರಿನ ನಿರ್ವಹಣೆಗೆ, ದಿನದ ಬಿಲ್ ಹಾಕುವುದಕ್ಕಲ್ಲ. ಹೆಚ್ಚು ಜನರಿಗಾಗಿ ಆರ್‌ಡಿಎಸ್ ಅಳವಡಿಸಿದ ಮೇಲೂ 120 ದಿನಗಳ ಗಡುವು ಇರುತ್ತದೆ. ಅಲ್ಲಿಯವರೆಗೆ ಎಲ್ಲ ಸರಾಗ. ಗಡುವು ಮುಗಿದ ಬೆಳಿಗ್ಗೆ ಆರ್‌ಡಿಎಸ್ ಕ್ಯಾಲ್ ಇಲ್ಲದೆ ಯಾರೂ ಕೆಲಸಕ್ಕೆ ಒಳಗೆ ಹೋಗಲಾರರು.

ಆರ್‌ಡಿಎಸ್ ಕ್ಯಾಲ್ ಎರಡು ಬಗೆ: ಒಂದು ಬಳಕೆದಾರನ ಹೆಸರಿಗೆ, ಇನ್ನೊಂದು ಸಾಧನದ ಹೆಸರಿಗೆ. ಮೂರು ಪಾಳಿಯ ಕಾರ್ಖಾನೆಯಲ್ಲಿ ನಾಲ್ಕು ಕಂಪ್ಯೂಟರ್‌ಗಳ ಮುಂದೆ ಹನ್ನೆರಡು ಜನ ಸರದಿಯಲ್ಲಿ ಕೂರುತ್ತಾರೆ ಎನ್ನೋಣ. ಅಲ್ಲಿ ನಾಲ್ಕು ಡಿವೈಸ್ ಕ್ಯಾಲ್ ಸಾಕು. ಯೂಸರ್ ಕ್ಯಾಲ್ ಆದರೆ ಹನ್ನೆರಡು ಬೇಕು. ಆಡಿಟರ್ ಆಫೀಸಿನ ಆರು ಮಂದಿ ಆಫೀಸಿನ ಕಂಪ್ಯೂಟರ್, ಲ್ಯಾಪ್‌ಟಾಪ್, ಮೊಬೈಲ್ ಮೂರರಲ್ಲೂ ಕೆಲಸ ಮಾಡಿದರೆ ಲೆಕ್ಕ ತಿರುಗುತ್ತದೆ: ಆರು ಯೂಸರ್ ಕ್ಯಾಲ್‌ಗೆ ಮುಗಿಯುವುದಕ್ಕೆ ಹದಿನೆಂಟು ಡಿವೈಸ್ ಕ್ಯಾಲ್ ಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಡೊಮೇನ್ (ಬಳಕೆದಾರರನ್ನೂ ಕಂಪ್ಯೂಟರ್‌ಗಳನ್ನೂ ಒಂದೆಡೆಯಿಂದ ನಿರ್ವಹಿಸುವ ಜಾಲ) ಇಲ್ಲದ ಸಣ್ಣ ಆಫೀಸಿಗೆ ಯೂಸರ್ ಕ್ಯಾಲ್ ಹೊಂದುವುದಿಲ್ಲ. 2019ರ ಆವೃತ್ತಿಯಲ್ಲಿ ಅಂಥ ಸೆಷನ್ ಒಂದು ಗಂಟೆಯಲ್ಲಿ ಕಡಿದುಹೋಗುತ್ತದೆ. ಹಳೆಯ ಆವೃತ್ತಿಯ ಕ್ಯಾಲ್ ಹೊಸ ಸರ್ವರಿಗೆ ನಡೆಯುವುದಿಲ್ಲ, ಹೊಸದು ಹಳೆಯದಕ್ಕೆ ನಡೆಯುತ್ತದೆ.

‘ಹತ್ತು ಜನರಿದ್ದರೂ ಒಂದೇ ಹೊತ್ತಿಗೆ ಮೂವರಷ್ಟೇ ಇರುತ್ತಾರೆ, ಹತ್ತು ಲೈಸೆನ್ಸ್ ಯಾಕೆ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇಲ್ಲಿನ ನಿಯಮ ಏಕಕಾಲದ ಬಳಕೆಯನ್ನು ಎಣಿಸುವುದಿಲ್ಲ. ಒಮ್ಮೆ ಬಳಸುವವನೂ ಎಣಿಕೆಗೆ ಸೇರುತ್ತಾನೆ. ‘ಸರ್ವರ್ ತಡೆಯುತ್ತಿಲ್ಲವಲ್ಲ’ ಎನ್ನುವವರೂ ಇದ್ದಾರೆ. ಯೂಸರ್ ಕ್ಯಾಲ್ ವಿಧಾನದಲ್ಲಿ ಕೊಂಡದ್ದಕ್ಕಿಂತ ಹೆಚ್ಚು ಜನ ಬಂದರೂ ಅದು ತಡೆಯುವುದಿಲ್ಲ, ನಿಜ. ತಡೆಯಲಿಲ್ಲ ಎಂದರೆ ಅನುಮತಿ ಸಿಕ್ಕಿತು ಎಂದಲ್ಲ. ಮಾಮೂಲಿ ವಿಂಡೋಸಿಗೇ ತೇಪೆ ಹಾಕಿ ಹಲವರನ್ನು ಒಳಬಿಡುವ ದಾರಿಯಂತೂ ಇನ್ನೂ ಅಪಾಯದ್ದು. ಗೊತ್ತಿದ್ದೂ ಅನಧಿಕೃತ ಪ್ರತಿಯನ್ನು ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಏಳು ದಿನಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಉಂಟು. ಇನ್ನು ಭದ್ರತೆಯ ಮಾತು: 2019ರ ಮೇ ತಿಂಗಳಲ್ಲಿ ಬಯಲಾದ ‘ಬ್ಲೂಕೀಪ್’ ದೋಷ ಇದೇ ರಿಮೋಟ್ ಡೆಸ್ಕ್‌ಟಾಪಿನ ಹಳೆಯ ಆವೃತ್ತಿಗಳಲ್ಲಿತ್ತು. ಅಪ್‌ಡೇಟಿಗೆ ಹೆದರುವ ತೇಪೆಯ ಯಂತ್ರ ಇಂಥ ದೋಷಗಳಿಗೆ ಬಾಗಿಲು ತೆರೆದಿಟ್ಟಂತೆ.

ಬೆಲೆ ಹೆಚ್ಚೆನಿಸಿದರೆ ಪ್ರಾಮಾಣಿಕ ದಾರಿಗಳಿವೆ. ಬ್ರೌಸರಿನಲ್ಲೇ ತೆರೆಯುವ ಲೆಕ್ಕಪತ್ರದ ಸೇವೆಗೆ ರಿಮೋಟ್ ಡೆಸ್ಕ್‌ಟಾಪೇ ಬೇಡ. ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್ ಲಿನಕ್ಸಿನಲ್ಲಿ ಓಡುವುದಾದರೆ ಕ್ಯಾಲ್‌ನ ಪ್ರಶ್ನೆಯೇ ಇಲ್ಲ. ಸರ್ವರಿನಲ್ಲಿ ಓಡಿಸುವ ಟ್ಯಾಲಿಯಾಗಲಿ ಮೈಕ್ರೋಸಾಫ್ಟ್ ಆಫೀಸ್ ಆಗಲಿ ತಮ್ಮದೇ ಲೈಸೆನ್ಸಿನ ಷರತ್ತು ಹೊಂದಿವೆ, ಅವನ್ನೂ ಪ್ರತ್ಯೇಕವಾಗಿ ನೋಡಬೇಕು. ಯಾವ ದಾರಿ ಹಿಡಿದರೂ ಕೊಟೇಶನ್ನಿನಲ್ಲಿ ಸರ್ವರ್, ಕ್ಯಾಲ್, ಆರ್‌ಡಿಎಸ್ ಕ್ಯಾಲ್ ಎಂದು ಮೂರು ಸಾಲು ಬೇರೆಬೇರೆಯಾಗಿ ಬರೆಸಿಕೊಳ್ಳಿ. ಸಣ್ಣ ಉದ್ಯಮಿ ಕಷ್ಟಪಟ್ಟು ಗಳಿಸಿದ ಹಣ ಬೇಡದ ಲೈಸೆನ್ಸಿಗೂ ಹೋಗಬಾರದು, ದಂಡಕ್ಕೂ ಹೋಗಬಾರದು.