ಲೋಹ ಕೊಯ್ಯುವ ನೀರು, ನಡುಕ ಕೇಳುವ ಹರಳು

ಮಡಕೆ ಕೊಳ್ಳುವಾಗ ನಮ್ಮ ಹಿರಿಯರು ಬೆರಳಿನಿಂದ ತಟ್ಟಿ ನೋಡುತ್ತಿದ್ದರಷ್ಟೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ತಿಳಿಯುತ್ತಿತ್ತು. ಇದೇ ಉಪಾಯ ಇಂದು ಲೋಹ ಕತ್ತರಿಸುವ ಕಾರ್ಖಾನೆಗೂ ಬಂದಿದೆ. ನಾವು ರಸಾಯನಶಾಸ್ತ್ರದವರು, ಯಂತ್ರವಿದ್ಯೆ ನಮಗೆ ನೆರೆಮನೆ. ಆದರೂ ಇಲ್ಲಿ ಹರಳುಗಳದೇ ಕಾರುಬಾರು ಆದ್ದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ.

ನೀರು ಉಕ್ಕನ್ನು ಕೊಯ್ದೀತೇ? ಬರಿಯ ನೀರಿನ ಧಾರೆ ರಟ್ಟು, ರಬ್ಬರುಗಳಿಗೆ ಸಾಕು, ಲೋಹಕ್ಕೆ ಸಾಲದು. 1980ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಮೊಹಮದ್ ಹಶೀಷ್ ಅವರು ಧಾರೆಗೆ ಗಟ್ಟಿಕಲ್ಲಿನ ಪುಡಿ ಬೆರೆಸುವ ವಿಧಾನವನ್ನು ರೂಪಿಸಿದರು. ನಮ್ಮ ಪ್ರೆಷರ್ ಕುಕ್ಕರಿನೊಳಗೆ ಹೊರಗಿನ ಗಾಳಿಯ ಸುಮಾರು ಎರಡರಷ್ಟು ಒತ್ತಡವಿದ್ದರೆ, ಈ ಯಂತ್ರದಲ್ಲಿ ಸುಮಾರು 4000ದಷ್ಟು! ಮಾಣಿಕ್ಯದಲ್ಲೋ ವಜ್ರದಲ್ಲೋ ಕೊರೆದ, ಅರ್ಧ ಮಿಲಿಮೀಟರಿಗಿಂತ ಕಿರಿದಾದ ತೂತಿನಿಂದ ನೀರು ಶಬ್ದಕ್ಕಿಂತ ವೇಗವಾಗಿ ಚಿಮ್ಮುತ್ತದೆ. ಅದಕ್ಕೆ ಸೇರುವುದು ಗಾರ್ನೆಟ್ ಪುಡಿ. ನವರತ್ನಗಳ ಗೋಮೇದಕದ ಬಳಗದ್ದೇ ಕಲ್ಲು. ಲೋಹ ಹೆಚ್ಚು ಕಾಯದ್ದರಿಂದ ಅದರ ಗುಣ ಕೆಡುವುದಿಲ್ಲ.

ತೊಡಕೂ ಇದೆ. ಆಳಕ್ಕಿಳಿದಂತೆ ಧಾರೆ ಶಕ್ತಿಗುಂದಿ ಹಿಂದಕ್ಕೆ ಬಾಗುತ್ತದೆ. ಅವಸರದಿಂದ ಮುಂದೆ ಸರಿಸಿದರೆ ಕೊಯ್ತದ ಮೇಲ್ಭಾಗ ನುಣುಪು, ಕೆಳಭಾಗ ಗೆರೆಗೆರೆ. ಪುಡಿ ತಾನೇ ನಳಿಕೆಯನ್ನೂ ಸವೆಸುತ್ತದೆ. ನೀರು ಎರಚಾಡುವಲ್ಲಿ ಕೆಲಸಗಾರನಿಗೆ ಇದಾವುದೂ ಕಾಣದು. ಕೊನೆಗೆ ತಿಳಿದರೆ, ಬೆಲೆಬಾಳುವ ಟೈಟೇನಿಯಂ ತುಂಡು ಗುಜರಿಗೆ. ಪಳಗಿದವನು ಸದ್ದಿನಿಂದಲೇ ಗುರುತಿಸಿಯಾನು. ಆದರೆ ಆ ಗದ್ದಲದಲ್ಲಿ ಕಿವಿ ಉಳಿಯಬೇಕಾದರೆ ಮುಚ್ಚಿಕೊಳ್ಳಲೇಬೇಕು.

ಆದ್ದರಿಂದ ಲೋಹದ ತುಂಡಿಗೇ ಒಂದು ಪುಟ್ಟ ಕಂಪನಮಾಪಕವನ್ನು ಅಂಟಿಸುತ್ತಾರೆ. ಅದರೊಳಗಿನ ಹರಳು ಅದುಮಿದಾಗ ವಿದ್ಯುತ್ತು ಹುಟ್ಟುತ್ತದೆ. 1880ರಲ್ಲಿ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯರ್ ಕಂಡುಹಿಡಿದ ಗುಣವಿದು. ಕಂಪ್ಯೂಟರು ಆ ನಡುಕವನ್ನು ಬೇರೆಬೇರೆ ಆವರ್ತನಗಳಾಗಿ ಬಿಡಿಸಿ, ಯಾವುದು ಎಷ್ಟು ಜೋರೆಂದು ತೋರಿಸುತ್ತದೆ. ಧಾರೆಯ ತಲೆ ಸರಿಯುವ ವೇಗ ಬದಲಾದರೆ ನಡುಕವೂ ಬದಲಾಗುತ್ತದೆ. ಸ್ಲೊವಾಕಿಯದ ಪ್ರೆಶೊವ್ ನಗರದ ಸಂಶೋಧಕರು ಈ ನಡುಕಕ್ಕೂ ಕೊಯ್ದ ಮೈಯ ಒರಟುತನಕ್ಕೂ ಇರುವ ನಂಟನ್ನು ಅಳೆದಿದ್ದಾರೆ.

ಆದರೆ ಪಂಪಿನ ಬಡಿತವೂ ಸಡಿಲ ಹಿಡಿಕೆಯೂ ನಡುಕವನ್ನೇ ಹುಟ್ಟಿಸುತ್ತವೆ. ಹೀಗಾಗಿ ಪ್ರತಿಯೊಂದು ಯಂತ್ರಕ್ಕೂ, ಲೋಹಕ್ಕೂ, ದಪ್ಪಕ್ಕೂ ಒಳ್ಳೆಯ ಕೊಯ್ತದ ನಡುಕ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದನ್ನು ಉಪಕರಣಕ್ಕೆ ಹೇಳಿಕೊಡಬೇಕಾದವನು ಆ ಪಳಗಿದ ಕೆಲಸಗಾರನೇ. ಅವನು ನಿವೃತ್ತನಾಗುವ ಮುನ್ನ ಈ ಕೆಲಸ ಆಗಬೇಕು.

ನಮ್ಮ ಸದಸ್ಯರಲ್ಲಿ ಇಂಥ ಕಾರ್ಖಾನೆಗಳಲ್ಲಿ ದುಡಿಯುವವರಿದ್ದರೆ, ತಮ್ಮ ಅನುಭವವನ್ನು ಮುಂದಿನ ಸಂಚಿಕೆಗೆ ಬರೆಯಬೇಕಾಗಿ ವಿನಂತಿ.